ಪಿಸುದನಿಯ ಬೆಲೆ

ಗುಡ್ಲೌಗ್ ಅತ್ತಿಗೆ ಜೀವಮಾನದಲ್ಲಿ ಗಟ್ಟಿಯಾಗಿ ಮಾತಾಡಿದ್ದು ಒಂದೇ ಸಲ. ಆಗ ನಾನು ಅಲ್ಲೇ ಇದ್ದೆ, ಕಾಫಿ ಬಗ್ಗಿಸುತ್ತಿದ್ದೆ.

ಆಕೆ ನನ್ನ ಗಂಡನ ಅಕ್ಕ, ಮದುವೆಯಾಗದವಳು. ನಾರ್ವೆಯ ಈ ತುದಿಯಲ್ಲಿ ನಮ್ಮದು ಕಡಲಬಾತುಗಳನ್ನು ಕಾಯುವ ಮನೆತನ. ಏಪ್ರಿಲ್ ಬಂತೆಂದರೆ ಅತ್ತಿಗೆ ದೋಣಿ ಹತ್ತಿ ಹೊರಗಿನ ಪುಟ್ಟ ನಡುಗಡ್ಡೆಗೆ ಹೊರಟುಬಿಡುತ್ತಿದ್ದಳು. ಕಲ್ಲು, ಹಳೇ ಹಲಗೆ ಸೇರಿಸಿ ಕಟ್ಟಿದ ಬಾತುಮನೆಗಳನ್ನು ಗುಡಿಸಿ, ಒಣಗಿದ ಕಡಲಪಾಚಿ ಹಾಸಿ ಕಾಯುತ್ತಿದ್ದಳು. ಮಂಜಿನೊಳಗಿಂದ ಹಕ್ಕಿಗಳು ಒಂದೊಂದಾಗಿ ಓಲಾಡುತ್ತ ಮೇಲೆ ಬರುವುದನ್ನು ನೋಡಿದರೆ, ಎಚ್ಚರವಾಗಿದ್ದೇನೋ ಕನಸಿನಲ್ಲಿದ್ದೇನೋ ನನಗೆ ತಿಳಿಯುತ್ತಿರಲಿಲ್ಲ. ಅವು ಮರಿಗಳನ್ನು ಕರೆದುಕೊಂಡು ಕಡಲಿಗೆ ಇಳಿಯುವವರೆಗೆ ಹಕ್ಕಿ ಬೆದರೀತೆಂದು ಯಾರೂ ದನಿ ಎತ್ತುವಂತಿಲ್ಲ, ಉಟ್ಟ ಬಟ್ಟೆಯ ಬಣ್ಣ ಬದಲಿಸುವಂತಿಲ್ಲ. ನಾವೆಲ್ಲ ಊರಿಗೆ ಮರಳಿ ಮಾಮೂಲಿನಂತೆ ಕೂಗಾಡುತ್ತಿದ್ದೆವು. ಅತ್ತಿಗೆಗೆ ಮಾತ್ರ ಪಿಸುದನಿಯೇ ಕಾಯಂ ಆಗಿಬಿಟ್ಟಿತು.

ಹಕ್ಕಿಗಳು ಹೋದಮೇಲೆ ಅವು ಎದೆಯಿಂದ ಕಿತ್ತು ಗೂಡಿಗೆ ಹಾಸಿದ್ದ ತುಪ್ಪಳ ನಮ್ಮ ಪಾಲು. ಅರವತ್ತು ಗೂಡಿನದು ಸೇರಿದರೆ ಒಂದು ರಜಾಯಿ. ಚಳಿಗಾಲವಿಡೀ ಅತ್ತಿಗೆ ತಂತಿ ಬಿಗಿದ ಚೌಕಟ್ಟಿನ ಮೇಲೆ ತುಪ್ಪಳವನ್ನು ಉಜ್ಜಿ ಕಸ ಉದುರಿಸುತ್ತಿದ್ದಳು. ತಂತಿಗಳು ಗುಂಯ್‌ಗುಡುತ್ತಿದ್ದವು, ಅದನ್ನು ಕೇಳುತ್ತ ನಾನು ಎಷ್ಟೋ ಸಲ ಕೂತಲ್ಲೇ ತೂಕಡಿಸಿದ್ದೇನೆ. ಇಷ್ಟೆಲ್ಲ ಮಾಡಿದವಳು, ಯಾರಾದರೂ ಬೆಲೆ ಕೇಳಿದರೆ, “ಹಕ್ಕಿ ದೇವರದು. ನಿಮಗೆ ತೋಚಿದ್ದು ಕೊಡಿ” ಎನ್ನುತ್ತಿದ್ದಳು. ಜನರಿಗೆ ತೋಚುತ್ತಿದ್ದದ್ದು ಬಹಳ ಕಡಿಮೆ. ಒಬ್ಬ ಪುಣ್ಯಾತ್ಮನಿಗೆ ಎರಡು ಪೊಟ್ಟಣ ಕಾಫಿಪುಡಿ ತೋಚಿತ್ತು. ಆಕೆಯ ಪ್ರಾರ್ಥನೆ ದಿನವೂ ಒಂದೇ ರೀತಿ ಮುಗಿಯುತ್ತಿತ್ತು: “ನನಗೇನೂ ಬೇಡ, ಸ್ವಾಮಿ.”

“ದೇವರು ನಿನ್ನ ಮಾತನ್ನ ಚೆನ್ನಾಗೇ ಕೇಳಿಸ್ಕೊಂಡಿದಾನೆ, ಅತ್ತಿಗೆ” ಎಂದು ನಾನು ಛೇಡಿಸುತ್ತಿದ್ದೆ.

ಆ ವರ್ಷ ಫೆಬ್ರವರಿಯ ಬಿರುಗಾಳಿಗೆ ಆಕೆಯ ದೋಣಿ ಒಡೆದುಹೋಯಿತು. ನನ್ನ ಗಂಡ ತನ್ನ ದೋಣಿ ತೆಗೆದುಕೊಂಡು ದೂರದ ಉತ್ತರಕ್ಕೆ ಮೀನಿಗೆ ಹೋಗಿದ್ದ, ಬರುವುದು ಮೇ ತಿಂಗಳಿಗೆ. ಅಷ್ಟು ದಿನ ಬಾತುಗಳು ಕಾಯುವುದಿಲ್ಲ. ಹದ್ದು, ನೀರುನಾಯಿಗಳ ಭಯಕ್ಕೆ ಅವು ಮನುಷ್ಯರಿದ್ದಲ್ಲಿಗೆ ಬರುವಂಥವು. ಒಂದು ವರ್ಷ ಬಿಟ್ಟುಹೋದರೆ ಮತ್ತೆ ಬರುತ್ತವೆಂಬ ಭರವಸೆಯಿಲ್ಲ. ಪಕ್ಕದ ಊರಿನಲ್ಲಿ ಒಂದು ಹಳೆಯ ದೋಣಿ ಮಾರಾಟಕ್ಕಿತ್ತು, ಹತ್ತು ಸಾವಿರ ಕ್ರೋನ್. ಅತ್ತಿಗೆಯ ಬಳಿ ಇದ್ದದ್ದು ಒಂದೇ ಒಂದು ರಜಾಯಿ. ಅದನ್ನು ನೋಡಲು ಮಾರ್ಚ್‌ನಲ್ಲಿ ಟ್ರೋಂಡ್‌ಹೈಮ್‌ನಿಂದ ಒಬ್ಬ ಹೆಂಗಸು ಬರುವವಳಿದ್ದಳು.

“ಇವತ್ತಾದ್ರೂ ಬಾಯ್ಬಿಟ್ಟು ಬೆಲೆ ಹೇಳು, ಅತ್ತಿಗೆ” ಎಂದೆ ಬೆಳಿಗ್ಗೆ.

“ದೇವರ ಹಕ್ಕಿ ಮೇಲೆ ವ್ಯಾಪಾರಾನಾ? ದುರಾಸೆ ಅಲ್ಲಿಂದ್ಲೇ ಶುರು ಆಗೋದು ಕಣೆ.”

ನನಗೆ ಸಿಟ್ಟು ನೆತ್ತಿಗೇರಿತು. “ನಾನು ಮದುವೆಯಾಗಿ ಬಂದ ವರ್ಷ, ಮೊಟ್ಟೆ ಇರೋ ಗೂಡಿಂದ್ಲೇ ತುಪ್ಪಳ ಬಾಚ್ಕೊಂಡಿದ್ದೆ, ನೆನಪಿದ್ಯಾ? ಪಾಪದ ಹಕ್ಕಿ ಮತ್ತೆ ಎದೆಯಿಂದ ಕಿತ್ತು ಹಾಸ್ತು. ಮತ್ತೆ ಬಾಚಿದೆ. ಕೊನೆಗೆ ಎದೆ ಬೋಳಾಗಿ, ಮೊಟ್ಟೆ ಬಿಟ್ಟು ಹೋಯ್ತು. ಆಗ ನಂಗೆ ಏನಂದೆ ನೀನು?”

ಅತ್ತಿಗೆ ತಂತಿಯ ಚೌಕಟ್ಟನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಅದಕ್ಕೂ ಒಂದಿಷ್ಟು ಬೇಕು ಅಂತ ದೇವರೇ ಕೊಟ್ಟಿರ್ತಾನೆ, ಎಲ್ಲಾ ಬಾಚ್ಬೇಡ ಅಂದವಳು ನೀನೇ. ಹಕ್ಕಿಗೊಂದು ನ್ಯಾಯ, ನಿನಗೊಂದಾ? ನಲವತ್ತು ವರ್ಷದಿಂದ ಎಲ್ರೂ ನಿನ್ನ ಬಾಚ್ತಾನೇ ಇದಾರೆ!”

ಅತ್ತಿಗೆ ಎದ್ದು ಹೊರಗೆ ಹೋದಳು. ಕಡಲೂ ಬಿಳಿ, ಆಕಾಶವೂ ಬಿಳಿ. ನಡುವೆ ಆಕೆ ಕಾಲೂರದೆ ತೇಲುತ್ತಿರುವಂತೆ ಕಂಡಳು. ಎಷ್ಟೋ ಹೊತ್ತು ಹಾಗೇ ನಿಂತಿದ್ದಳು. ಅತಿಯಾಗಿ ಆಡಿಬಿಟ್ಟೆನಲ್ಲ ಎಂದುಕೊಂಡು ಒಲೆಯ ಮೇಲೆ ಕಾಫಿಗೆ ನೀರಿಟ್ಟೆ.

ಮಧ್ಯಾಹ್ನ ಟ್ರೋಂಡ್‌ಹೈಮ್‌ನವಳು ಬಂದಳು. ರಜಾಯಿಯೊಳಗೆ ಕೈಯಿಟ್ಟು, ಕಣ್ಣು ಮುಚ್ಚಿ, ಮಗುವಿನಂತೆ ನಕ್ಕಳು. ಆಮೇಲೆ ಬೆಲೆ ಕೇಳಿದಳು.

ಅತ್ತಿಗೆಯ ತುಟಿ ಅಲ್ಲಾಡಿತು.

“ಕೇಳಿಸ್ಲಿಲ್ಲಮ್ಮ” ಎಂದಳು ಬಂದವಳು.

ಹತ್ತು ಸಾವಿರವೆಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹಲ್ಲು ಕಚ್ಚಿ ಕಾಫಿ ಬಗ್ಗಿಸತೊಡಗಿದೆ.

“ಹನ್ನೆರಡು ಸಾವಿರ ಕ್ರೋನ್!”

ಬೆಕ್ಕು ಬೆದರಿ ಒಲೆಯ ಹಿಂದೆ ಓಡಿತು. ನಾನು ಮೇಜುಬಟ್ಟೆಯ ಮೇಲೆಲ್ಲ ಕಾಫಿ ಚೆಲ್ಲಿದೆ.

“ಕೊಡ್ತೀನಮ್ಮ, ಬೈಬೇಡಿ” ಎಂದಳು ಟ್ರೋಂಡ್‌ಹೈಮ್‌ನವಳು, ಚೀಲಕ್ಕೆ ಕೈ ಹಾಕುತ್ತ.

ಆಕೆ ಹೋದಮೇಲೆ ನಾನು ಕೇಳಿದೆ, “ದೋಣಿಗೆ ಹತ್ತೇ ತಾನೆ?”

“ದೇವರ ಪಾಲು ಬೇಡ್ವೇನೆ? ಹತ್ತರಲ್ಲೊಂದು, ಸಾವಿರದಿನ್ನೂರು. ಮಿಕ್ಕಿದ್ದು ಡೀಸೆಲ್ಲಿಗೆ.” ಅತ್ತಿಗೆ ಮತ್ತೆ ಪಿಸುದನಿಗೆ ಇಳಿದಿದ್ದಳು. ಭಾನುವಾರ ಪ್ರಾರ್ಥನಾ ಮನೆಯ ಪೆಟ್ಟಿಗೆಗೆ ಆ ಸಾವಿರದಿನ್ನೂರನ್ನು ಹಾಕಿದ ಮೇಲೆಯೇ ದೋಣಿಯ ಮಾತೆತ್ತಿದಳು.

ಏಪ್ರಿಲ್‌ನಲ್ಲಿ ನಾವಿಬ್ಬರೂ ಕೊಂಡುತಂದ ದೋಣಿಯಲ್ಲಿ ನಡುಗಡ್ಡೆಗೆ ಹೋಗಿ ಬಾತುಮನೆಗಳನ್ನೆಲ್ಲ ಗುಡಿಸಿ, ಹಾಸಿ, ಕಾದೆವು. ಒಂದು ವಾರ ಏನೂ ಇಲ್ಲ, ಬರೀ ಮಂಜು. ಅತ್ತಿಗೆಯ ಮುಖ ನೋಡಲು ನನಗೆ ಧೈರ್ಯವಾಗುತ್ತಿರಲಿಲ್ಲ. ಎಂಟನೆಯ ಬೆಳಿಗ್ಗೆ ಮಂಜಿನೊಳಗಿಂದ ಒಂದು ಹಕ್ಕಿ ಓಲಾಡುತ್ತ ಬಂತು. ನಾವು ತಂಗಿದ್ದ ಗುಡಿಸಲಿನ ಮೆಟ್ಟಿಲ ಕೆಳಗಿನ ಬಾತುಮನೆಗೆ ಇಣುಕಿ, ಒಳಗೆ ಹೋಗಿ ಕೂತಿತು. ಅದರ ಹಿಂದೆ ಇನ್ನೊಂದು.

ಅತ್ತಿಗೆ ಕಲ್ಲಿನ ಮೇಲೆ ಕೂತು ಕಣ್ಣು ಮುಚ್ಚಿ ಎಂದಿನ ಪ್ರಾರ್ಥನೆ ಶುರುಮಾಡಿದಳು. ಕೊನೆಯ ಸಾಲಿಗೆ ಬಂದು ತಡೆದಳು. ನಾನು ಉಸಿರು ಬಿಗಿಹಿಡಿದು ಕಿವಿಗೊಟ್ಟೆ.

“ನನಗೂ ಬೇಕಾಗಿತ್ತು, ಸ್ವಾಮಿ” ಎಂದಳು. “ಕೇಳೋಕೆ ನಾಚಿಕೆ ಆಗ್ತಿತ್ತು.”