ಮರದ ಹಾಲಿನ ಮರ್ಯಾದೆ

ಶೀಟಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಗಾತ್ರದ ಮೂರು ಗುಳ್ಳೆಗಳಿದ್ದವು. ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಹೋಗುವ ಸಂಜೆಯ ಬಸ್ಸಿಗೆ ವೇಣೂರಿನಲ್ಲಿ ಯಾರೋ ರಬ್ಬರ್ ಶೀಟಿನ ಕಟ್ಟೊಂದನ್ನು ಹತ್ತಿಸಿ ನನ್ನ ಕಾಲ ಬಳಿ ಇಟ್ಟಿದ್ದರು. ಹೊಗೆಯೂ ಹುಳಿಯೂ ಬೆರೆತ ಆ ವಾಸನೆಗೆ ಪಕ್ಕದವರು ಮೂಗು ಮುಚ್ಚಿಕೊಂಡರು. ನಾನು ಬಗ್ಗಿ ಗುಳ್ಳೆ ಎಣಿಸಿದೆ. ಕೊಕ್ಕಡದ ಕಡೆ ಬೆಳೆದವರಿಗೆ ಇದು ಬಿಡದ ಚಾಳಿ.

ಆ ಸಂಜೆ ನನ್ನ ಮನಸ್ಸು ನೆಟ್ಟಗಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ನಾನು ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಅಲ್ಲಿ ಸಂಬಳವನ್ನು ಒಬ್ಬೊಬ್ಬರನ್ನೇ ಕರೆದು ಗೊತ್ತು ಮಾಡುತ್ತಾರೆ. ಯಾರಿಗೆಷ್ಟು ಎಂದು ಯಾರೂ ಬಾಯಿ ಬಿಡುವುದಿಲ್ಲ. ಪಾಣೆಮಂಗಳೂರಿನಿಂದ ಬರುವ ನಸೀಮಾ ನನಗಿಂತ ಎರಡು ವರ್ಷ ಮೊದಲು ಸೇರಿದವಳು. ಮರುದಿನ ಹನ್ನೊಂದು ಗಂಟೆಗೆ ಅವಳು ಹೊಸ ಕರಾರಿಗೆ ಸಹಿ ಹಾಕಬೇಕಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ತನಗೆಷ್ಟು ಎಂದು ತಾನಾಗಿ ಹೇಳಿದಳು. ನನ್ನದಕ್ಕಿಂತ ಬಹಳ ಕಡಿಮೆ. "ನಿಮಗೆಷ್ಟು ಮೇಡಂ? ಗೊತ್ತಿದ್ರೆ ನಾನೂ ಕೇಳಬಹುದಿತ್ತು," ಎಂದಳು. "ಎಲ್ಲರಿಗೂ ಹೆಚ್ಚುಕಡಿಮೆ ಅಷ್ಟೇ ಅಲ್ವಾ," ಎಂದು ನಾನು ಡಬ್ಬಿಯ ಮುಚ್ಚಳ ಹಾಕಿದ್ದೆ.

ರಬ್ಬರಿನ ವಾಸನೆಗೆ ನನಗೆ ಗುಲಾಬಕ್ಕ ನೆನಪಾದರು.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮೂರಿನ ಹಲವು ಮನೆಗಳಲ್ಲಿ ನೂರು, ನೂರೈವತ್ತು ರಬ್ಬರ್ ಮರಗಳಿದ್ದವು. ಮರದ ಹಾಲನ್ನು ಹೆಪ್ಪುಗಟ್ಟಿಸಿ, ಶೀಟು ಒತ್ತಿ, ಹೊಗೆಯಲ್ಲಿ ಒಣಗಿಸುವುದು ಹೆಂಗಸರ ಕೆಲಸ. ಪೇಟೆಯ ವ್ಯಾಪಾರಿ ಶೀಟನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಸ್ವಚ್ಛವಿದ್ದರೆ 'ಫೋರ್' ಎಂಬ ದರ್ಜೆ, ಒಳ್ಳೆಯ ದರ; ಗುಳ್ಳೆಯೋ ಕಸವೋ ಇದ್ದರೆ 'ಲಾಟ್', ದರ ಕಡಿಮೆ. ಅಮ್ಮನ ಶೀಟು ಎರಡು ವರ್ಷ ಲಾಟಿಗೇ ಹೋಯಿತು. ಕೇಳಿದವರಿಗೆಲ್ಲ ಅಮ್ಮ "ಫೋರ್ ಸಿಕ್ಕಿತು" ಎನ್ನುತ್ತಿದ್ದರು. ಶೀಟು ಲಾಟಾಯಿತೆಂದರೆ ಅಂಗಳ ಗುಡಿಸಲು ಬಾರದವಳು ಎನ್ನಿಸಿಕೊಂಡಷ್ಟೇ ನಾಚಿಕೆ. ಮನೆಯಲ್ಲಿ ಮಾತ್ರ ಹಾಲನ್ನು ಎರಡೆರಡು ಸಲ ಸೋಸಿ, ತಟ್ಟೆಗಳನ್ನು ತಿಕ್ಕಿ ತಿಕ್ಕಿ ಬೆರಳ ಸಂದು ಒಡೆದುಕೊಂಡರು. ವ್ಯಾಪಾರಿಯ ಕಣ್ಣನ್ನು ಅನುಮಾನಿಸಲು ಅವರಿಗೆ ಹೊಳೆಯಲೇ ಇಲ್ಲ. "ನನ್ನ ಕೈಗುಣವೇ ಸರಿ ಇಲ್ಲ. ಮರಗಳನ್ನು ಗುತ್ತಿಗೆಗೆ ಕೊಡುವ," ಎಂದು ಅಪ್ಪನಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ.

ಗುಲಾಬಕ್ಕ ನಮ್ಮ ನೆರೆಯವರು, ಬಾಯಿ ಜೋರು. ಬೆಳಿಗ್ಗೆ ಹಾಲಿನ ಸೊಸೈಟಿಯಲ್ಲಿ ಕಾರ್ಯದರ್ಶಿ ಪ್ರತಿಯೊಬ್ಬರ ಹಾಲಿನ ಫ್ಯಾಟನ್ನೂ ಗಟ್ಟಿಯಾಗಿ ಓದುತ್ತಿದ್ದರು. ಒಂದು ದಿನ ಗುಲಾಬಕ್ಕನ ಸರದಿ ಬಂದಾಗ, "ನೀರು ಕುಡಿಸಿದ್ದು ದನಕ್ಕಾ, ಹಾಲಿಗಾ?" ಎಂದರು.

"ದನ ಕುಡಿದು ಉಳಿದದ್ದು ಹಾಲಿಗೆ ಮಾರಾಯ್ರೇ," ಎಂದು ಎಲ್ಲರನ್ನೂ ನಗಿಸಿದ ಗುಲಾಬಕ್ಕ ಥಟ್ಟನೆ ಸಾಲಿನ ಕಡೆ ತಿರುಗಿದರು. "ಅಲ್ಲ, ದನದ ಹಾಲಿನ ಮಾನ ದಿನಾ ಹೀಗೆ ಎಲ್ಲರೆದುರು ಹೋಗ್ತದೆ. ಮರದ ಹಾಲಿಗೆ ಮಾತ್ರ ಎಂಥ ಮರ್ಯಾದೆ? ಹೇಳ್ತೇನೆ ಕೇಳಿ, ನಂದು ಲಾಟ್. ಒಂದು ವರ್ಷದಿಂದ ಲಾಟ್."

ಸಾಲಿನ ಹಿಂದಿನಿಂದ ಒಬ್ಬರು "ನಂದೂ" ಎಂದರು. ಮತ್ತಿಬ್ಬರು. ಕೊನೆಗೆ ಅಮ್ಮ ಕ್ಯಾನಿನೊಳಗೆ ನೋಡುತ್ತ, "ನಮ್ಮದೂ. ಎರಡು ವರ್ಷ ಆಯ್ತು," ಎಂದರು.

"ನಿಂದಾ! ಪೇಪರಿನ ಮೇಲೆ ನಿನ್ನ ಶೀಟು ಇಟ್ಟು ಓದಬಹುದು ಮಾರಾಯ್ತಿ!" ಎಂದರು ಗುಲಾಬಕ್ಕ.

ಆ ಶನಿವಾರ ಐದೂ ಮನೆಯವರು ಶೀಟು ಹೇರಿಕೊಂಡು ಒಂದೇ ಜೀಪಿನಲ್ಲಿ ಪೇಟೆಗೆ ಹೊರಟರು, ನಾನೂ ಹತ್ತಿದೆ. "ಎಂತ, ಎಲ್ಲರೂ ಒಟ್ಟಿಗೆ?" ಎಂದರು ವ್ಯಾಪಾರಿ. "ಮದುವೆಗೆ ಹೊರಟದ್ದು ಧಣಿಗಳೇ, ದಾರಿಯಲ್ಲಿ ನಿಮ್ಮನ್ನು ಕಂಡು ಹೋಗುವ ಅಂತ," ಎಂದು ಗುಲಾಬಕ್ಕ ಅಮ್ಮನ ಶೀಟೊಂದನ್ನು ಬಾಗಿಲ ಬೆಳಕಿಗೆ ಹಿಡಿದರು. "ಗುಳ್ಳೆ ಎಲ್ಲಿ ಉಂಟು, ಒಮ್ಮೆ ತೋರಿಸಿ."

ತೋರಿಸಲು ಏನೂ ಇರಲಿಲ್ಲ. ಅಂದು ನಾಲ್ಕು ಮನೆಗಳ ಶೀಟು ಫೋರ್ ಆಯಿತು. ಗುಲಾಬಕ್ಕನದರಲ್ಲಿ ಮಾತ್ರ ಅಂಚಿನಿಂದ ಅಂಚಿಗೆ ಗುಳ್ಳೆ. "ನಂದು ಸತ್ಯಕ್ಕೂ ಲಾಟೇ," ಎಂದು ಜೀಪಿನಲ್ಲಿ ಹೊಟ್ಟೆ ಹಿಡಿದು ನಕ್ಕು, ಹಾಲು ಸೋಸುವುದು ಹೇಗೆಂದು ಅಮ್ಮನನ್ನು ದಾರಿಯುದ್ದಕ್ಕೂ ಕೇಳಿದರು. ಅಮ್ಮ ಮರಗಳನ್ನು ಗುತ್ತಿಗೆಗೆ ಕೊಡಲಿಲ್ಲ.

ಮುಂದೆ ವಿಶ್ವವಿದ್ಯಾಲಯದಲ್ಲಿ, ಕೊಳ್ಳುವವನಿಗೆ ತಿಳಿದದ್ದು ಮಾರುವವನಿಗೆ ತಿಳಿಯದಿದ್ದರೆ ಸಂತೆ ಹೇಗೆ ಕೆಡುತ್ತದೆ ಎಂದು ಆರು ಪುಟ ಬರೆದು ಒಳ್ಳೆಯ ಅಂಕ ಪಡೆದೆ. ಆರು ಪುಟಗಳಲ್ಲಿ ಎಲ್ಲಿಯೂ ನನಗೆ ಗುಲಾಬಕ್ಕ ನೆನಪಾಗಲಿಲ್ಲ. ನಾನು ಅಷ್ಟು ಬುದ್ಧಿವಂತೆ! ವ್ಯಾಪಾರಿ ಬಚ್ಚಿಟ್ಟದ್ದು ಸ್ವಲ್ಪ. ಉಳಿದದ್ದನ್ನು ನಾವೇ ಅವರ ಪರವಾಗಿ ಬಚ್ಚಿಟ್ಟಿದ್ದೆವು. ಅದನ್ನು ಹೊರಗೆ ತಂದವರು ಅಂದು ಒಂದು ಪೈಸೆ ಹೆಚ್ಚು ಪಡೆಯದ ಹೆಂಗಸು.

ಮರುದಿನ ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ. ನಸೀಮಾ ಬಂದು ಬ್ಯಾಗು ಇಡುವ ಮೊದಲೇ ಅವಳ ಮೇಜಿನ ಬಳಿ ಹೋಗಿ, "ನಿನ್ನೆ ನಾನು ಸುಳ್ಳು ಹೇಳಿದೆ," ಎಂದು ನನ್ನ ಸಂಬಳ ಎಷ್ಟೆಂದು ಹೇಳಿದೆ. ಆಚೆ ಮೇಜಿನಲ್ಲಿದ್ದ ಇಬ್ಬರು ತಲೆ ಎತ್ತಿದರು. ಅವರಿಗೆ ಕೇಳಿಸಿತೋ ಇಲ್ಲವೋ ಎಂದು, ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ.