ಅವ್ವ ಹೇಳಿದ ಕಮಾನು

ಇವತ್ತು ಸ್ಟೇಷನ್ ರಸ್ತೆಯಲ್ಲಿ ಕಾದ ಕಬ್ಬಿಣಕ್ಕೆ ನೀರು ಬಿದ್ದ ವಾಸನೆ ಮೂಗಿಗೆ ಬಡಿದಾಗ ಪಕ್ಕದಲ್ಲಿದ್ದ ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಆಗ ನನಗೆ ಏಳು ವರ್ಷ. ಅವ್ವನ ಜೊತೆ ತಿಕೋಟಾದಿಂದ ವಿಜಯಪುರದ ಸಂತೆಗೆ ಬಂದಿದ್ದೆ. "ಕೈ ತಪ್ಪಿದ್ರ ಕಮಾನಿನ ಹತ್ರ ಬಂದು ನಿಲ್ಲು" ಎಂದಿದ್ದಳು. ಗದ್ದಲದಲ್ಲಿ ಕೈ ತಪ್ಪಿಯೇಬಿಟ್ಟಿತು. ಅಪ್ಪ ಟೆಂಪೊ ಓಡಿಸುತ್ತಿದ್ದ. ಹಾಗಾಗಿ ನನಗೆ ಗೊತ್ತಿದ್ದ ಕಮಾನು ಒಂದೇ, ಗಾಡಿಯ ಕೆಳಗಿನ ಬಾಗಿದ ಕಬ್ಬಿಣದ ಪಟ್ಟಿ. ಕೇಳುತ್ತ ಕೇಳುತ್ತ ಕಮಾನು ರಿಪೇರಿಯ ಅಂಗಡಿ ಸೇರಿದೆ. ಬಿಸಿಲು ಇಳಿಯುತ್ತ ಬಂದರೂ ಅವ್ವ ಬರಲಿಲ್ಲ. ಕಾದ ಪಟ್ಟಿಗೆ ನೀರು ಬಿದ್ದಾಗಿನ ಆ ವಾಸನೆಯಲ್ಲಿ ರಸ್ತೆಯನ್ನೇ ನೋಡುತ್ತ ಕೂತಿದ್ದೆ.

ಕಡೆಗೆ ಅಂಗಡಿಯ ಮುದುಕ ಚಾಚಾ ಸುತ್ತಿಗೆ ಕೆಳಗಿಟ್ಟು, ಯಾಕೆ ಕೂತಿದ್ದೀ ಎಂದು ಕೇಳಿದರು. ಅವ್ವ ಹೇಳಿದ್ದನ್ನು ಹೇಳಿದೆ. "ನಿಮ್ಮವ್ವ ಹೇಳಿದ್ದು ಕಲ್ಲಿನ ಕಮಾನು ಇರಬೇಕು ಯವ್ವಾ, ಸಂತಿ ಬಾಜೂಕಿನ ಹಳೇ ಬಾಗಲಾ. ನಡಿ" ಎಂದು ನನ್ನನ್ನು ಎತ್ತಿಕೊಂಡು ಓಡಿದರು.

ಅವ್ವ ಅಲ್ಲೇ ನಿಂತಿದ್ದಳು. ಕೂಗಿ ಕೂಗಿ ದನಿ ಬಿದ್ದುಹೋಗಿತ್ತು. ಮೊದಲು ಒಂದೇಟು ಹಾಕಿದಳು, ಆಮೇಲೆ ಬಿಗಿದಪ್ಪಿದಳು.

"ಹುಡಕಾಕ ಹೋಗಬೇಕಂದ್ರ, ನೀ ಬಂದು ನನ್ನ ಕಾಣದ ಹೊಳ್ಳಿ ಹೋದೀ ಅಂತ ಅಂಜಿಕಿ. ಹೆಜ್ಜಿ ಕಿತ್ತಿಲ್ಲ ನೋಡು."

ಈಗ ನಾನು ಮಗಳಿಗೆ ಜಾಗದ ಹೆಸರು ಹೇಳಿ ಸುಮ್ಮನಾಗುವುದಿಲ್ಲ. ಕರೆದುಕೊಂಡು ಹೋಗಿ, ತೋರಿಸಿ, ಮುಟ್ಟಿಸಿ ಬರುತ್ತೇನೆ.