ಲಕ್ಕವ್ವ ಆಯಿಯ ಕರಿ ಉಣ್ಣೆ

ಲಕ್ಕವ್ವ ಆಯಿಯ ಮನೆಯಲ್ಲಿ ಒಲೆಯ ಮೇಲೆ ಬಣ್ಣಕ್ಕಿಟ್ಟ ಉಣ್ಣೆ ಇದ್ದಾಗ ಯಾರೂ ಜೋರಾಗಿ ಮಾತಾಡುವಂತಿರಲಿಲ್ಲ. ಬಾಗಿಲ ಚಿಲಕಕ್ಕೆ ಬಟ್ಟೆ ಸುತ್ತಿರುತ್ತಿತ್ತು. ಸೊಸೆ ಪಾತ್ರೆ ತಿಕ್ಕುವ ಕೆಲಸವನ್ನು ಮುಂದಕ್ಕೆ ಹಾಕಬೇಕಾಗುತ್ತಿತ್ತು. ಕುಕ್ಕರ್ ಅಂತೂ ಹಿತ್ತಲ ಗೋಡೆ ದಾಟಿ ನಮ್ಮ ಮನೆಗೆ ಬರುತ್ತಿತ್ತು. ಅವರ ಮನೆಯ ಬೇಳೆಗೆ ನಮ್ಮ ಗ್ಯಾಸಿನ ಮೇಲೆ ಮೂರು ಸೀಟಿ ಹೊಡೆಸಿ ವಾಪಸು ಕೊಡುವುದು ಎಷ್ಟೋ ವರ್ಷ ನನ್ನ ಪಾಲಿನ ಕೆಲಸವಾಗಿತ್ತು. ಯಾಕಿಷ್ಟು ಎಂದು ಕೇಳಿದರೆ ಆಯಿ ತುಟಿಯ ಮೇಲೆ ಬೆರಳಿಟ್ಟು ಪಿಸುಗುಡುತ್ತಿದ್ದಳು: "ಉಣ್ಣಿ ಹೆದರತೈತಿ, ತಂಗಿ. ಸಾವಕಾಶ."

ಇದು ನಡೆಯುತ್ತಿದ್ದುದು ಬನಹಟ್ಟಿಯಲ್ಲಿ. ನಮ್ಮ ಓಣಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಪವರ್‌ಲೂಮ್‌ಗಳು ಖಟಖಟ ಎನ್ನುತ್ತಲೇ ಇರುತ್ತವೆ. ನಮ್ಮ ಮನೆಯಲ್ಲೇ ನಾಲ್ಕು ಮಗ್ಗ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ನನ್ನ ಮಾತೇ ಕೇಳಿಸುತ್ತಿರಲಿಲ್ಲ. ಇಂಥ ಊರಿನಲ್ಲಿ ಕೂತು ಕುಕ್ಕರಿನ ಸೀಟಿಗೆ ಅಂಜುತ್ತೀಯಲ್ಲ ಎಂದು ಆಯಿಯನ್ನು ಒಮ್ಮೆ ಕೆಣಕಿದೆ. "ಮಗ್ಗದ ಸಪ್ಪಳ ಅದಕ್ಕ ರೂಢಿ ಆಗೇತಿ. ಒಮ್ಮಿಂದೊಮ್ಮೆಲೆ ಆಗೂದು ಇರತೈತಲ್ಲ, ಅದಕ್ಕ ಹೆದರತೈತಿ," ಎಂದಳು.

ಅವಳ ಮಾತಿನಲ್ಲಿ ಅರ್ಧ ಸತ್ಯವಿತ್ತು ಎಂಬುದು ನನ್ನ ಅಧಿಕಪ್ರಸಂಗದಿಂದಲೇ ಗೊತ್ತಾಯಿತು. ಒಂದು ದಿನ ಆಯಿ ಬಾಗಿಲಿಗೆ ಬಂದವರ ಜೊತೆ ಮಾತಾಡುತ್ತಿದ್ದಳು. ಉಳ್ಳಾಗಡ್ಡಿ ಸಿಪ್ಪೆಯ ನೀರಿನಲ್ಲಿ ಕುದ್ದು ಬಂಗಾರದ ಬಣ್ಣಕ್ಕೆ ಬಂದಿದ್ದ ನೂಲಿನ ಲಡಿಗಳನ್ನು ನಾನು ಸಹಾಯ ಮಾಡುವ ಹುಮ್ಮಸ್ಸಿನಲ್ಲಿ ಕೋಲಿನಿಂದ ಎತ್ತಿ ತಣ್ಣೀರಿನ ಬಕೆಟ್ಟಿಗೆ ಹಾಕಿಬಿಟ್ಟೆ. ಸೀರೆಯ ನೂಲಿಗೆ ನಾವು ಮಾಡುವುದೇ ಹಾಗೆ. ನೋಡನೋಡುತ್ತಲೇ ಉಣ್ಣೆ ಮುದುಡಿ, ಎಳೆಗೆ ಎಳೆ ಕಚ್ಚಿಕೊಂಡು ಮುದ್ದೆಯಾಯಿತು. ಆಯಿ ಬಂದವಳು ಬೈಯಲಿಲ್ಲ. ಮುದ್ದೆಯನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತಾ ಕೂತಳು. "ಎದಿ ದಸಕ್ಕ ಅಂದಿರತೈತಿ ಅದಕ್ಕ. ಬಿಸಿ ನೀರಾಗ ಅರಾಮ ಕುಂತಿತ್ತು, ಪಾಪ," ಎಂದಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ನನಗೆ.

ಉಳಿದರ್ಧ ಅವಳದೇ ಹೆದರಿಕೆ. ಅಷ್ಟು ಹೆದರುವ ಮನುಷ್ಯಳನ್ನು ನಾನು ಕಂಡಿಲ್ಲ. ಅವರು ಬೀರಪ್ಪನ ಒಕ್ಕಲು, ಕುರಿ ಸಾಕುವ ಮಂದಿ. ಮಗ ಮಾಳಪ್ಪ ಕುರಿ ಹಿಂಡಿನ ಜೊತೆ ಬೀಳಗಿ ಕಡೆ, ಅನಗವಾಡಿಯ ಹೊಳೆದಂಡೆ ಕಡೆ ತಿಂಗಳುಗಟ್ಟಲೆ ತಿರುಗುತ್ತಿದ್ದ. ಅವನ ಫೋನು ಬಂದರೆ ಏನೋ ಆಗಿರಬೇಕು ಎಂದು ಆಯಿ ನಡುಗುತ್ತಿದ್ದಳು, ಬರದಿದ್ದರೆ ಆಗಿಯೇ ಹೋಗಿದೆ ಎಂದು ನಡುಗುತ್ತಿದ್ದಳು. ಬಸ್ಸಿನಲ್ಲಿ ಕಿಟಕಿ ಬದಿಗೆ ಕೂರುತ್ತಿರಲಿಲ್ಲ. ಗ್ಯಾಸಿನ ಸಿಲಿಂಡರ್ ಇಟ್ಟ ಕೋಣೆಗೆ ಹೋಗುವಾಗ ಅದಕ್ಕೆ ಬೆನ್ನು ಕೊಡುತ್ತಿರಲಿಲ್ಲ. ನಾವು ನಗುತ್ತಿದ್ದೆವು. ನಗುವುದು ಸುಲಭ, ಯಾಕೆಂದರೆ ನಮ್ಮ ಪಾಲಿನ ಹೆದರಿಕೆಯನ್ನೂ ಅವಳೇ ಹೆದರಿ ಮುಗಿಸುತ್ತಿದ್ದಳು. ನನ್ನ ಗಂಡನಿಗೆ ಕೆಮ್ಮು ಬಂದರೆ ನಾನು ಶುಂಠಿ ಕಷಾಯ ಮಾಡಿ ಮಲಗುತ್ತಿದ್ದೆ, ನಿದ್ದೆ ಇಲ್ಲದೆ ಬೆಳಗಿಗೆ ಬಂದು ವಿಚಾರಿಸುತ್ತಿದ್ದವಳು ಆಯಿ.

ಬಣ್ಣದ ವಿಷಯದಲ್ಲೂ ಅವಳ ಕಟ್ಟಳೆ ಹೆದರಿಕೆಯಿಂದಲೇ ಹುಟ್ಟಿದ್ದು. ನಮ್ಮಲ್ಲಿ ಸೀರೆಯ ನೂಲಿಗೆ ಬಣ್ಣ ಪುಡಿಯ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಒಂದು ಕೊಡುತ್ತೇನೆ, ತಾಸಿನಲ್ಲಿ ಕೆಲಸ ಮುಗಿಯುತ್ತದೆ ಎಂದರೆ ಮುಟ್ಟಲೂ ಇಲ್ಲ. "ಬಾಯಾಗ ಹಾಕ್ಕೊಂಡು ನೋಡಾಕ ಬರದಿದ್ದದ್ದು ನನ್ನ ಗಡಿಗ್ಯಾಗ ಬ್ಯಾಡ." ಅರಿಷಿಣ, ಚಹಾಪುಡಿ, ಉಳ್ಳಾಗಡ್ಡಿ ಸಿಪ್ಪೆ, ದಾಳಿಂಬೆ ಸಿಪ್ಪೆ, ಇಷ್ಟೇ ಅವಳ ಸಾಮಾನು. ಬಣ್ಣ ಕಚ್ಚಲಿ ಎಂದು ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುವ ಪಟಿಕದ ಚೂರು. ಪ್ರತಿ ಗಡಿಗೆಯ ನೀರನ್ನೂ ಬೆರಳ ತುದಿಯಿಂದ ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ, ಆಮೇಲೆ ಉಣ್ಣೆ ಇಳಿಸುತ್ತಿದ್ದಳು. ಕಪ್ಪಿಗೆ ಮಾತ್ರ ತುಕ್ಕು ಹಿಡಿದ ಮೊಳೆಗಳನ್ನು ಬೆಲ್ಲದ ನೀರಿನಲ್ಲಿ ಹದಿನೈದು ದಿನ ಕೊಳೆಹಾಕಬೇಕು. ಮೊಳೆ ಯಾರು ತಿಂತಾರೆ ಎಂದು ಕೇಳಿದೆ. "ಬಸುರಿ ಹೆಂಗಸರಿಗೆ ದವಾಖಾನ್ಯಾಗ ಕಬ್ಬಿಣದ ಗುಳಿಗಿ ಕೊಡತಾರಿಲ್ಲ? ತಿನ್ನೂದ ಅದು," ಎಂದಳು. ಉತ್ತರ ಸಿದ್ಧವಾಗಿತ್ತು, ಮೊದಲೇ ಯೋಚಿಸಿ ಹೆದರಿ ಸಮಾಧಾನ ಮಾಡಿಕೊಂಡಿದ್ದಳು.

ಹೀಗಿದ್ದವಳು ಒಂದೇ ಒಂದು ಧೈರ್ಯದ ಕೆಲಸ ಮಾಡಿದಳು. ಅದಕ್ಕೆ ಕುಮ್ಮಕ್ಕು ಕೊಟ್ಟವಳು ನಾನು.

ಮಾಳಪ್ಪನ ಮಗಳು ಮಾಯವ್ವನಿಗೆ ರನ್ನ ಬೆಳಗಲಿಯ ಹುಡುಗ ಗೊತ್ತಾದ. ಅವರಲ್ಲಿ ಮದುವೆಗೆ ಕಂಬಳಿಯ ಗದ್ದುಗೆ ಬೇಕು. ಕರಿಯ ಕಂಬಳಿಯನ್ನು ಮಡಿಚಿ ಹಾಸಿ, ಬೀರಪ್ಪನ ಹೆಸರಿನಲ್ಲಿ ಅರಿಷಿಣದ ಭಂಡಾರ ಹಾಕಿ ಪೂಜೆ ಮಾಡಿ, ಅದರ ಮೇಲೆ ವಧೂವರರನ್ನು ಕೂರಿಸುತ್ತಾರೆ. ಅವರ ಮನೆತನದಲ್ಲಿ ಆ ಕಂಬಳಿ ಹುಟ್ಟುಗಪ್ಪಿನ ಉಣ್ಣೆಯದೇ ಆಗಬೇಕು, ಅಂದರೆ ಕುರಿಯ ಮೈಮೇಲೆ ಕಪ್ಪಾಗಿಯೇ ಬೆಳೆದದ್ದು. ಮೊಮ್ಮಗಳ ಗದ್ದುಗೆಗೆ ನೂಲು ನಾನೇ ನೂಲುತ್ತೇನೆ ಎಂದು ಆಯಿ ಮಾಯವ್ವ ತೊಟ್ಟಿಲಲ್ಲಿದ್ದಾಗಲೇ ಹರಕೆ ಹೊತ್ತಿದ್ದಳು. ಆದರೆ ಈಗ ಹಿಂಡಿನಲ್ಲಿ ಮಾಂಸಕ್ಕೆ ಬರುವ ಕೆಂಚು ಕುರಿಗಳೇ ಹೆಚ್ಚು. ಎಷ್ಟು ಆಯ್ದರೂ ಕರಿ ಉಣ್ಣೆ ಮುಕ್ಕಾಲು ಕಂಬಳಿಗಷ್ಟೇ ಆಯಿತು.

"ಉಳಿದದ್ದಕ್ಕ ಬಣ್ಣ ಹಾಕು, ಆಯಿ. ಯಾರಿಗೆ ತಿಳಿಯತೈತಿ?" ಎಂದೆ ನಾನು. ಬಹಳ ಹಗುರವಾಗಿ ಅಂದೆ.

ಮೂರು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ಗೋಡೆಯಾಚೆಯಿಂದ ಕರೆದಳು. "ನಿಮ್ಮಲ್ಲಿ ಹಳೇ ಮೊಳಿ ಅದಾವೇನು? ನಮ್ಮ ಮನ್ಯಾಗ ಯಾರಿಗೂ ಹೇಳಬ್ಯಾಡ. ನಿನಗ ಯಾಕ ಹೇಳತೇನಂದ್ರ, ನೀ ನಮ್ಮ ಪೈಕಿ ಅಲ್ಲ. ಬೀರಪ್ಪ ನಿನ್ನ ಕರದು ಸಾಕ್ಷಿ ಕೇಳಂಗಿಲ್ಲ."

ಮೊಳೆ ಕೊಟ್ಟೆ. ಕೆಂಚು ನೂಲು ದಾಳಿಂಬೆ ಸಿಪ್ಪೆಯ ನೀರಿನಲ್ಲಿ ಒಂದು ದಿನ ನೆನೆಯಿತು. ಮೊಳೆಯ ನೀರಿಗೆ ಇಳಿದಾಗ ಮೊದಲು ಬೂದಿ, ಆಮೇಲೆ ಇಜ್ಜಲು. ಅಂಗಳದಲ್ಲಿ ಹರವಿ ಹುಟ್ಟುಗಪ್ಪಿನ ಪಕ್ಕ ಇಟ್ಟರೆ ಯಾವುದು ಯಾವುದೆಂದು ನನಗೆ ತಿಳಿಯಲಿಲ್ಲ. ನೇಯ್ದುಕೊಟ್ಟ ಅವಳ ತಮ್ಮನೂ ಏನೂ ಅನ್ನಲಿಲ್ಲ. ಆಯಿ ಮಾತ್ರ ಆ ಕಂಬಳಿಯ ಕಡೆ ನೇರ ನೋಡುತ್ತಿರಲಿಲ್ಲ. "ಹುಡುಗಿಗಿ ಏನರ ಆತಂದ್ರ ನನ್ನಿಂದ ಆದಂಗ," ಎಂದು ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದಳು.

ಮದುವೆಯ ದಿನ ಗದ್ದುಗೆ ಹಾಸಿದರು. ಪೂಜಾರಿ ಅಜ್ಜ ಭಂಡಾರ ಹಾಕಿ, ದೃಷ್ಟಿಯಾಗದಿರಲಿ ಎಂದು ನಿಂಬೆಹಣ್ಣು ಕೊಯ್ದು ಹೋಳುಗಳನ್ನು ನಾಲ್ಕು ಮೂಲೆಗೆ ಇಟ್ಟ. ಸೀರೆಗೆ ತುಕ್ಕಿನ ಕಲೆಯಾದರೆ ನಿಂಬೆಹಣ್ಣು ಉಜ್ಜಿ ತೆಗೆಯುವುದು ನಮ್ಮ ಓಣಿಯ ಹೆಂಗಸರಿಗೆಲ್ಲ ಗೊತ್ತು. ನಾನೇ ನೂರು ಸಲ ತೆಗೆದಿದ್ದೇನೆ. ತುಕ್ಕಿನಿಂದ ಮಾಡಿದ ಕಪ್ಪಿಗೆ ನಿಂಬೆರಸ ಬಿದ್ದರೆ ಏನಾಗುತ್ತದೆ ಎಂಬುದು ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ.

ಮೂರು ಮೂಲೆಗೆ ಏನೂ ಆಗಲಿಲ್ಲ. ನಾಲ್ಕನೆಯದರಲ್ಲಿ ರಸ ಹರಿದ ಕಡೆ ರೂಪಾಯಿ ಅಗಲದ ಕಂದು ಚುಕ್ಕೆ ಏಳತೊಡಗಿತು. ಆಯಿಯನ್ನು ನೋಡಿದೆ. ಅವಳು ಆಗಲೇ ನೋಡಿಬಿಟ್ಟಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ನಾನು ಏಳುವಷ್ಟರಲ್ಲಿ ಅವಳೇ ಎದ್ದು, ನಾಲ್ಕು ಮಂದಿಯ ಕಾಲು ತುಳಿದುಕೊಂಡು ಹೋಗಿ, ತಟ್ಟೆಯಲ್ಲಿದ್ದ ಭಂಡಾರವನ್ನು ಬೊಗಸೆ ತುಂಬ ತೆಗೆದು ಆ ಮೂಲೆಗೆ ಸುರಿದು ಅಡ್ಡಬಿದ್ದಳು. ಎಷ್ಟು ಭಕ್ತಿ ನೋಡು ಮುದುಕಿಗೆ ಎಂದು ಹಿಂದಿನಿಂದ ಯಾರೋ ಅಂದರು. ಮಾಯವ್ವ ಬಂದು ಗಂಡನ ಪಕ್ಕ ಕೂತಳು, ಅಕ್ಕಿಕಾಳು ಬಿದ್ದವು, ಮದುವೆ ಸಾಂಗವಾಗಿ ಆಯಿತು. ಆಯಿ ಊಟ ಮಾಡಲಿಲ್ಲ.

ಅಂದಿನಿಂದ ಬೆಲ್ಲ ಬಿಟ್ಟಳು. ಮೊಳೆಯನ್ನು ಕೊಳೆಹಾಕಿದ್ದು ಬೆಲ್ಲದಲ್ಲಿ, ಅದಕ್ಕೆ ತಪ್ಪುಗಾಣಿಕೆ. ನಮ್ಮದು ಮನೆಮನೆಗೂ ಬೆಲ್ಲದ ಪೆಂಟಿ ಇರುವ ಸೀಮೆ. ಅಲ್ಲಿ ಕೂತು ಆಕೆ ಸಪ್ಪನೆ ಚಹಾ ಕುಡಿಯತೊಡಗಿದಳು, ಸಕ್ಕರೆಯನ್ನೂ ಒಲ್ಲೆ ಎಂದಳು. ಮನೆಯವರು ಸಕ್ಕರೆ ಕಾಯಿಲೆಯ ಹೆದರಿಕೆ ಎಂದುಕೊಂಡರು. ಪ್ರತಿದಿನ ಬೆಳಿಗ್ಗೆ ಬೆಳಗಲಿಗೆ ಫೋನು. ನಂಬರು ಒತ್ತಿ ಕೊಡುವವಳು ನಾನು. ಮಾಯವ್ವ ಎತ್ತಿದ ಕೂಡಲೇ ಗದರಿಸಿದಂತೆ ಒಂದೇ ಪ್ರಶ್ನೆ: "ಆರಾಮ ಅದೀ ಇಲ್ಲೋ?" ಆರಾಮ ಅದೀನಿ ಎಂದರೆ ಫೋನು ನನ್ನ ಕೈಗೆ ಕೊಟ್ಟು ಹೋಗುತ್ತಿದ್ದಳು. ಉಳಿದ ಮಾತು ನಾನು ಆಡಬೇಕು. ನಾನಾದರೂ ಏನು ಧೈರ್ಯಸ್ಥೆ? ಫೋನು ನಾಲ್ಕು ಸಲ ರಿಂಗಾದರೆ ನನ್ನ ಕೈಯೂ ಬೆವರುತ್ತಿತ್ತು.

ಮಾಯವ್ವ ಬಸುರಿಯಾಗಿ ಏಳನೆಯ ತಿಂಗಳಿಗೆ ತವರಿಗೆ ಬಂದಾಗ ಕಾಲು ಬಾತಿದ್ದವು. ರಕ್ತದೊತ್ತಡ ಹೆಚ್ಚಿದೆ, ಮಲಗಿಯೇ ಇರಬೇಕು ಎಂದು ಜಮಖಂಡಿಯ ಡಾಕ್ಟರು ಹೇಳಿ ಕಳಿಸಿದ್ದರು. ಆಯಿಯ ಮುಖ ನೋಡಲಾಗುತ್ತಿರಲಿಲ್ಲ. ಎರಡು ದಿನ ತಡೆದಳು. ಮೂರನೆಯ ದಿನ ಮಧ್ಯಾಹ್ನ ಬಂದು ನನ್ನ ಕೈ ಹಿಡಿದಳು. "ಅಕಿಗೆ ಹೇಳಿಬಿಡತೇನಿ, ತಂಗಿ. ನೀ ಮಗ್ಗಲಕ್ಕ ಕುಂಡರು."

ಹೋಗಿ ಕೂತೆವು. ಮಾಯವ್ವ ಗೋಡೆಯ ಪಕ್ಕ ಮಲಗಿದ್ದಳು. ಆಯಿ ನೆಲ ನೋಡುತ್ತ ಮೊಳೆಯಿಂದ ನಿಂಬೆಹಣ್ಣಿನವರೆಗೆ ಎಲ್ಲ ಹೇಳಿದಳು. ನನ್ನ ಹೆಸರು ಮಾತ್ರ ಎತ್ತಲಿಲ್ಲ. ನಾನೇ ಬಾಯಿ ಬಿಟ್ಟು, ಹೇಳಿಕೊಟ್ಟವಳು ನಾನು ಎಂದೆ.

ಮಾಯವ್ವ ಅಂದಳು, "ನನಗ ಗೊತ್ತಿತ್ತು, ಆಯಿ."

"ಏನ ಗೊತ್ತಿತ್ತು?"

"ಕುಂತಾಗ ಕೈ ಊರಿದ್ನಲ್ಲ, ಆ ಮೂಲಿ ಗಡಸ ಹತ್ತಿತು. ಕಬ್ಬಿಣದ ನೀರಿಗಿ ಹಾಕಿದ ಉಣ್ಣಿ ಗಡಸ ಆಗತೈತಿ ಅಂತ ನೀನ ಹೇಳಿಕೊಟ್ಟೀದಿ. ಗೊತ್ತಾಗಿನ ಕುಂತೆ. ನೀ ನೂತದ್ದರ ಮ್ಯಾಲ ಕುಂಡ್ರಬೇಕಿತ್ತು ನನಗ, ಅಷ್ಟ."

ಸದ್ಯ, ಮುದುಕಿಯ ಭಾರ ಇಳಿಯಿತು ಎಂದುಕೊಂಡು ಆಯಿಯ ಕಡೆ ತಿರುಗಿದರೆ ಅವಳ ಮುಖ ಇನ್ನೂ ಬಿಳುಚಿಕೊಂಡಿತ್ತು. "ಅಯ್ಯ ಯವ್ವಾ, ಗೊತ್ತಿದ್ದೂ ಕುಂತೆಂದ್ರ ನೀನೂ ಪಾಲಿಗಿ ಬಂದಿ. ಇಷ್ಟ ದಿನ ನನ್ನ ತಪ್ಪಿಗಿ ನಾ ಒಬ್ಬಾಕಿ ಅಂಜತಿದ್ದೆ. ಇನ್ನ ನಿನ್ನ ಪಾಲಿಂದೂ ನಾನ ಅಂಜಬೇಕಲ್ಲ."

ಮಾಯವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗಬ್ಯಾಡ, ಕೂಸು ಹೆದರತೈತಿ ಎಂದು ಆಯಿ ಗಾಬರಿಯಾದಳು.

ಎರಡು ತಿಂಗಳು ನಾವು ಉಸಿರು ಬಿಗಿಹಿಡಿದು ಕಳೆದೆವು. ಮಾಯವ್ವನಿಗೆ ಹೆಣ್ಣು ಹುಟ್ಟಿತು, ತಾಯಿ ಮಗು ಇಬ್ಬರೂ ಸುಖವಾಗಿದ್ದರು. ಮರುದಿನ ನಾನು ಖುಷಿಯಿಂದ ಒಂದು ಹಿಡಿ ಬೆಲ್ಲ ಹಾಕಿ ಚಹಾ ಮಾಡಿ ಗೋಡೆಯ ಮೇಲಿಂದ ಕೊಟ್ಟೆ. ಆಯಿ ಲೋಟ ಮೂಸಿ ನೋಡಿ ವಾಪಸು ಕೊಟ್ಟಳು. "ಕೂಸಿಗಿ ಹಲ್ಲ ಬರಲಿ ಮದಲ." ಹಲ್ಲು ಬಂದವು. "ನಡೀಲಿ ಮದಲ." ನಡೆಯಿತು. "ದಡಾರದ ಚುಚ್ಚಮದ್ದ ಮುಗೀಲಿ." ಕೊನೆಯ ಸಲ ಕಂಡಾಗ ಅವಳು ಹಿತ್ತಲ ಬಿಸಿಲಿನಲ್ಲಿ ಉಳ್ಳಾಗಡ್ಡಿ ಸಿಪ್ಪೆ ಬಿಡಿಸುತ್ತಿದ್ದಳು, ಮರಿಮೊಮ್ಮಗಳಿಗೆ ಸಣ್ಣ ಹಾಸು ಮಾಡಲಿಕ್ಕೆ. ಈಗಲಾದರೂ ಬೆಲ್ಲ ತಿನ್ನು ಬೇ ಆಯಿ ಎಂದೆ. "ಅಕಿ ಸಾಲಿಗೆ ಹೋಗಲಿ, ನೋಡೂಣು," ಎಂದಳು. ಮರುದಿನ ಬೆಳಿಗ್ಗೆ ಫೋನು ಹಚ್ಚಿಕೊಡು ಎಂದು ಗೋಡೆಯ ಹತ್ತಿರ ಬರಲಿಲ್ಲ. ನಾನೇ ಹೋಗಿ ನೋಡಿದೆ. ಹಾಸಿಗೆಯಲ್ಲೇ ಪ್ರಾಣ ಹೋಗಿತ್ತು. ಇಷ್ಟು ಹೆದರಿದವಳಿಗೆ ಕೊನೆಯ ಗಳಿಗೆ ಗೊತ್ತೇ ಆಗಲಿಲ್ಲವೇನೋ ಎಂದು ಎಲ್ಲರೂ ಸಮಾಧಾನ ಮಾಡಿಕೊಂಡೆವು.

ದಿನಕರ್ಮ ಮುಗಿದು ಎಲ್ಲರೂ ತಮ್ಮ ತಮ್ಮ ಊರಿಗೆ ಹೋದರು. ಒಂದು ಬೆಳಿಗ್ಗೆ, ಆಯಿ ಫೋನು ಹಚ್ಚಿಸುತ್ತಿದ್ದ ಹೊತ್ತಿಗೇ ಸರಿಯಾಗಿ ನನ್ನ ಫೋನು ಬಡಿಯಿತು. ಮಾಯವ್ವನ ನಂಬರು.

"ಏನಾತು?" ಎಂದೆ.

"ಏನೂ ಆಗಿಲ್ರಿ ಕಾಕು. ಕೂಸಿಗಿ ಸಣ್ಣಗ ಜ್ವರ ಬಂದಾವ, ಅಷ್ಟ. ಆಯಿ ಇದ್ದಾಗ ಅಕೀನ ಎಲ್ಲಾ ಅಂಜತಿದ್ಲು, ನನಗ ಏನೂ ಅನಸ್ತಿರಲಿಲ್ಲ. ಈಗ ಯಾರೂ ಕೇಳಂಗಿಲ್ಲಂತ ಭಾಳ ಅಂಜಿಕಿ ಬರತೈತ್ರಿ. ದಿನಾ ಒಂದ ಸಲ ನೀವರ ಕೇಳ್ರಿ."

ಆಯಿಯ ಹಾಗೆ ಗದರಿಸಿದಂತೆ ಕೇಳಲು ನನಗೆ ಬರುವುದಿಲ್ಲ. ಆದರೂ ಕೇಳಿದೆ, "ಆರಾಮ ಅದೀ ಇಲ್ಲೋ?"

"ಆರಾಮ ಅದೀನ್ರಿ," ಎಂದಳು, ಅಳುತ್ತಾ.